ಚಿತ್ರದುರ್ಗ ಜಿಲ್ಲೆಯಲ್ಲಿ ಆರೋಗ್ಯ ಸೇವೆಯ ಲಭ್ಯತೆ

ಚಿತ್ರದುರ್ಗ ಜಿಲ್ಲೆಯಲ್ಲಿ ಆರೋಗ್ಯ ಸೇವೆಯ ಲಭ್ಯತೆ ಎಂಬುದು ಮಧ್ಯ ಕರ್ನಾಟಕದ ಬಯಲುಸೀಮೆಗೆ ಸೇರಿದ ಈ ಜಿಲ್ಲೆಯ ಜನರು ಚಿಕಿತ್ಸೆಯನ್ನು ಸಕಾಲದಲ್ಲಿ ಪಡೆಯಲು ಇರುವ ವ್ಯವಸ್ಥೆಯನ್ನೂ ಅದಕ್ಕೆ ಎದುರಾಗುವ ಅಡೆತಡೆಗಳನ್ನೂ ಕುರಿತ ವಿಷಯವಾಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಜನವಸತಿಗಳು ಚದುರಿಕೊಂಡಿವೆ. ಕರಾವಳಿ ಮತ್ತು ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿನ ಊರುಗಳಲ್ಲಿ ರೋಗಿಗೂ ಆಸ್ಪತ್ರೆಗೂ ನಡುವೆ ಘಟ್ಟ, ಹೊಳೆ, ಕುಸಿದ ರಸ್ತೆ ಮೊದಲಾದ ಕಣ್ಣಿಗೆ ಕಾಣುವ ತಡೆಗಳಿರುತ್ತವೆ. ಚಿತ್ರದುರ್ಗದಂತಹ ಬಯಲುನಾಡಿನಲ್ಲಿ ಅಂತಹ ಒಂದೇ ದೊಡ್ಡ ತಡೆ ಇರುವುದಿಲ್ಲ. ದೂರ, ವಾಹನದ ಅಭಾವ, ಕೂಲಿಯ ನಷ್ಟ, ಸಾಮಾಜಿಕ ಕಟ್ಟುಪಾಡು ಮತ್ತು ತಜ್ಞ ವೈದ್ಯರ ಕೊರತೆಗಳು ಒಂದರ ಮೇಲೊಂದು ಸೇರಿ ವಿಳಂಬವನ್ನು ಉಂಟುಮಾಡುತ್ತವೆ.

ಭೌಗೋಳಿಕ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ವಿಸ್ತೀರ್ಣ ಸುಮಾರು 8,400 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16,59,456. ಇವರಲ್ಲಿ ಸುಮಾರು ಶೇಕಡ 80ರಷ್ಟು ಮಂದಿ ಗ್ರಾಮವಾಸಿಗಳು. ಪರಿಶಿಷ್ಟ ಜಾತಿಯವರು ಸುಮಾರು ಶೇಕಡ 23 ಮತ್ತು ಪರಿಶಿಷ್ಟ ಪಂಗಡದವರು ಸುಮಾರು ಶೇಕಡ 18ರಷ್ಟಿದ್ದಾರೆ. ಜನಸಾಂದ್ರತೆ ಚದರ ಕಿಲೋಮೀಟರಿಗೆ 197 ಆಗಿದ್ದು, 319ರಷ್ಟಿರುವ ರಾಜ್ಯದ ಸರಾಸರಿಗಿಂತ ಬಹಳ ಕಡಿಮೆಯಾಗಿದೆ.

ಜಿಲ್ಲೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎಂಬ ಆರು ತಾಲ್ಲೂಕುಗಳಿವೆ. ಜಿಲ್ಲೆಯ ಬಹುಭಾಗ ಬಯಲಾದರೂ ಪೂರ್ಣವಾಗಿ ಸಮತಟ್ಟಲ್ಲ. ಚಿತ್ರದುರ್ಗ ನಗರದ ದಕ್ಷಿಣಕ್ಕಿರುವ ಜೋಗಿಮಟ್ಟಿ ಬೆಟ್ಟಗಳೂ, ಹೊಳಲ್ಕೆರೆ, ಹೊಸದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳನ್ನು ಹಾದುಹೋಗುವ ಗುಡ್ಡಸಾಲುಗಳೂ ಊರುಗಳ ನಡುವಣ ನೇರ ಸಂಪರ್ಕವನ್ನು ತಡೆದು ರಸ್ತೆಗಳನ್ನು ಸುತ್ತುಬಳಸಿ ಹೋಗುವಂತೆ ಮಾಡಿವೆ. ಇಂತಹ ಗುಡ್ಡಗಳ ನಡುವಣ ಕಣಿವೆಯೊಂದರಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. ಸ್ಥಳೀಯವಾಗಿ ಇದನ್ನು ಮಾರಿಕಣಿವೆ ಎಂದು ಕರೆಯಲಾಗುತ್ತದೆ.

ಮಳೆಯ ಕೊರತೆಯಿಂದಾಗಿ ಬೇಸಾಯವು ಅನಿಶ್ಚಿತವಾಗಿದ್ದು, ಅನೇಕ ಕುಟುಂಬಗಳು ಕೂಲಿಗಾಗಿ ವರ್ಷದ ಕೆಲವು ತಿಂಗಳು ಗುಳೆ ಹೋಗುತ್ತವೆ. ಕಂದಾಯ ಗ್ರಾಮಗಳಲ್ಲದೆ ಅವುಗಳಿಂದ ದೂರದಲ್ಲಿರುವ ಗೊಲ್ಲರಹಟ್ಟಿಗಳು, ಲಂಬಾಣಿ ತಾಂಡಾಗಳು, ನಾಯಕರ ಹಟ್ಟಿಗಳು ಮತ್ತು ತೋಟದ ಮನೆಗಳು ಜಿಲ್ಲೆಯ ವಸತಿ ವಿನ್ಯಾಸದ ವೈಶಿಷ್ಟ್ಯವಾಗಿವೆ. ಗ್ರಾಮಕ್ಕೆ ರಸ್ತೆ ಅಥವಾ ಬಸ್ಸು ಬಂದ ಮಾತ್ರಕ್ಕೆ ಈ ವಸತಿಗಳಿಗೂ ಅವು ದೊರೆತಂತೆ ಆಗುವುದಿಲ್ಲ.

ಇತಿಹಾಸ

ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಭಾಗದ ಪ್ರಮುಖ ಆರೋಗ್ಯ ಸಮಸ್ಯೆಗಳಲ್ಲಿ ಮಲೇರಿಯಾ ಒಂದಾಗಿತ್ತು. ವಾಣಿವಿಲಾಸ ಸಾಗರದ ನಾಲೆಗಳಿಂದ ನೀರಾವರಿ ಬಂದ ಬಳಿಕ ಹಿರಿಯೂರು ಸುತ್ತಮುತ್ತ ಸೊಳ್ಳೆಗಳೂ ಜ್ವರವೂ ಹೆಚ್ಚಿದವು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನವು ಕೈಗೊಂಡ ಮಲೇರಿಯಾ ಅಧ್ಯಯನಗಳಿಗೆ ಹಿರಿಯೂರು ಒಂದು ಕೇಂದ್ರವಾಗಿತ್ತು.

ಸ್ವಾತಂತ್ರ್ಯಪೂರ್ವದಲ್ಲಿ ರಚನೆಯಾದ ಭೋರ್ ಸಮಿತಿಯು 1946ರಲ್ಲಿ ಸಲ್ಲಿಸಿದ ವರದಿಯು ಗ್ರಾಮೀಣ ಭಾರತಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಯನ್ನು ನೀಡಿತು. ಮುಂದಿನ ದಶಕಗಳಲ್ಲಿ ಈ ಮಾದರಿ ರಾಜ್ಯದಾದ್ಯಂತ ವಿಸ್ತರಿಸಿತು. 1965ರಲ್ಲಿ ಆಗಿನ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರೊಂದಿಗೆ ಬೆಳೆದ ಆಸ್ಪತ್ರೆಗಳಿಂದಾಗಿ ದಾವಣಗೆರೆಯು ಇಡೀ ಪ್ರದೇಶದ ವೈದ್ಯಕೀಯ ಕೇಂದ್ರವಾಯಿತು.

1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಈ ವಿಭಜನೆಯಿಂದ ಅತಿ ಹೆಚ್ಚು ವೈದ್ಯಕೀಯ ಸೌಲಭ್ಯಗಳಿದ್ದ ನಗರವು ಚಿತ್ರದುರ್ಗ ಜಿಲ್ಲೆಯ ಹೊರಗೆ ಉಳಿಯಿತು. ರೋಗಿಗಳು ಮೊದಲಿನಂತೆಯೇ ಅಲ್ಲಿಗೆ ಹೋಗುತ್ತಿದ್ದರೂ ಆಡಳಿತದ ದೃಷ್ಟಿಯಿಂದ ಅದು ಬೇರೊಂದು ಜಿಲ್ಲೆಯ ವ್ಯವಸ್ಥೆಯಾಯಿತು. ಚಿತ್ರದುರ್ಗ ನಗರದಲ್ಲಿ ಎಸ್.ಜೆ.ಎಂ. ವಿದ್ಯಾಪೀಠದ ಬಸವೇಶ್ವರ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜು 2023ರಲ್ಲಿ ಆರಂಭವಾಯಿತು.

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ನೇಮಕಗೊಂಡ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಅದು ಗುರುತಿಸಿತು. ತಾಲ್ಲೂಕುಗಳನ್ನು ಅಳೆಯಲು ಬಳಸಿದ ಸೂಚಕಗಳಲ್ಲಿ ಜನಸಂಖ್ಯೆಗೆ ಅನುಗುಣವಾಗಿ ಇರುವ ವೈದ್ಯರ ಸಂಖ್ಯೆ ಮತ್ತು ಸರ್ಕಾರಿ ಆಸ್ಪತ್ರೆಗಳ ಹಾಸಿಗೆಗಳ ಸಂಖ್ಯೆಯೂ ಸೇರಿದ್ದವು.

ಆರೋಗ್ಯ ವ್ಯವಸ್ಥೆಯ ಸ್ವರೂಪ

ಗ್ರಾಮೀಣ ಸರ್ಕಾರಿ ಆರೋಗ್ಯ ವ್ಯವಸ್ಥೆಯು ಹಂತ ಹಂತವಾಗಿ ರೂಪುಗೊಂಡಿದೆ. ತಳಮಟ್ಟದಲ್ಲಿ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರ, ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ನಂತರ ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ, ಕೊನೆಗೆ ಜಿಲ್ಲಾ ಆಸ್ಪತ್ರೆ ಇರುತ್ತವೆ. ಪ್ರತಿ ಹಂತದಲ್ಲಿಯೂ ಚಿಕಿತ್ಸೆ ಸಾಧ್ಯವಾಗದ ರೋಗಿಯನ್ನು ಮೇಲಿನ ಹಂತಕ್ಕೆ ಕಳುಹಿಸಲಾಗುತ್ತದೆ.

ರಾಷ್ಟ್ರೀಯ ಮಾನದಂಡದಂತೆ ಈ ಕೇಂದ್ರಗಳನ್ನು ಜನಸಂಖ್ಯೆಯ ಆಧಾರದ ಮೇಲೆ ಸ್ಥಾಪಿಸಲಾಗುತ್ತದೆ:

* ಉಪಕೇಂದ್ರ: ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು; ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು.
* ಪ್ರಾಥಮಿಕ ಆರೋಗ್ಯ ಕೇಂದ್ರ: ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು.
* ಸಮುದಾಯ ಆರೋಗ್ಯ ಕೇಂದ್ರ: ಬಯಲು ಪ್ರದೇಶದಲ್ಲಿ 1,20,000 ಜನರಿಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 80,000 ಜನರಿಗೆ ಒಂದು.

ಈ ಮಾನದಂಡವು ತಲೆಗಳನ್ನು ಎಣಿಸುತ್ತದೆಯೇ ಹೊರತು ದಾರಿಯನ್ನು ಅಳೆಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಗ್ರಾಮೀಣ ಜನಸಂಖ್ಯೆಯನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಚದರ ಕಿಲೋಮೀಟರಿಗೆ ಸುಮಾರು 158 ಜನರಾಗುತ್ತಾರೆ. ಈ ಲೆಕ್ಕದಲ್ಲಿ 30,000 ಜನರಿಗೆ ಒಂದರಂತೆ ಸ್ಥಾಪಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ಸುಮಾರು 190 ಚದರ ಕಿಲೋಮೀಟರ್ ಆಗುತ್ತದೆ. ಕೇಂದ್ರವು ವ್ಯಾಪ್ತಿಯ ನಟ್ಟನಡುವೆ ಇದ್ದರೂ ಅಂಚಿನ ಊರಿಗೆ ನೇರ ದೂರವೇ 8 ಕಿಲೋಮೀಟರಿನಷ್ಟಾಗುತ್ತದೆ. 1,20,000 ಜನರಿಗೆ ಒಂದರಂತೆ ಇರುವ ಸಮುದಾಯ ಆರೋಗ್ಯ ಕೇಂದ್ರಕ್ಕೆ ಈ ನೇರ ದೂರ 15 ಕಿಲೋಮೀಟರ್ ದಾಟುತ್ತದೆ. ರಸ್ತೆಯ ದೂರ ಸಹಜವಾಗಿಯೇ ಇದಕ್ಕಿಂತ ಹೆಚ್ಚು.

ಕರ್ನಾಟಕವು ಒಟ್ಟಾರೆಯಾಗಿ ಮಾನದಂಡಕ್ಕಿಂತ ಹೆಚ್ಚಿನ ಸಂಖ್ಯೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಹೊಂದಿದೆ. ಆದ್ದರಿಂದ ವಾಸ್ತವದಲ್ಲಿ ಮೊದಲ ಹಂತದ ದೂರ ಮೇಲಿನ ಲೆಕ್ಕಕ್ಕಿಂತ ಕಡಿಮೆ. ಆದರೆ ತಜ್ಞರ ಸೇವೆ ದೊರೆಯಬೇಕಾದ ಸಮುದಾಯ ಆರೋಗ್ಯ ಕೇಂದ್ರಗಳ ಸಂಖ್ಯೆಯಲ್ಲಿ ರಾಜ್ಯವು ಹಿಂದಿದೆ. ಹೀಗಾಗಿ ಜ್ವರ, ಲಸಿಕೆ, ಗರ್ಭಿಣಿಯ ತಪಾಸಣೆಗಳಿಗೆ ಕೇಂದ್ರ ಹತ್ತಿರವಿದ್ದರೂ ಶಸ್ತ್ರಚಿಕಿತ್ಸೆ ಅಥವಾ ರಕ್ತ ಬೇಕಾದ ಸಂದರ್ಭದಲ್ಲಿ ದೂರ ಒಮ್ಮೆಲೇ ಹೆಚ್ಚುತ್ತದೆ.

ಮೂರು ವಿಳಂಬಗಳು

ತುರ್ತು ಚಿಕಿತ್ಸೆ ತಡವಾಗುವುದನ್ನು ವಿವರಿಸಲು ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಪ್ರಕಟಿಸಿದ ‘ಮೂರು ವಿಳಂಬಗಳ’ ಮಾದರಿಯನ್ನು ವ್ಯಾಪಕವಾಗಿ ಬಳಸಲಾಗುತ್ತದೆ. ತಾಯಂದಿರ ಮರಣವನ್ನು ಕುರಿತು ರೂಪಿಸಲಾದ ಈ ಮಾದರಿಯಂತೆ ಮೊದಲನೆಯ ವಿಳಂಬ ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ, ಎರಡನೆಯದು ಆಸ್ಪತ್ರೆಯನ್ನು ತಲುಪುವುದರಲ್ಲಿ, ಮೂರನೆಯದು ತಲುಪಿದ ಬಳಿಕ ತಕ್ಕ ಚಿಕಿತ್ಸೆ ದೊರೆಯುವುದರಲ್ಲಿ ಉಂಟಾಗುತ್ತದೆ.

ಇವು ಮೂರೂ ಪರಸ್ಪರ ಸಂಬಂಧ ಹೊಂದಿವೆ. ತಾಲ್ಲೂಕು ಆಸ್ಪತ್ರೆಗೆ ಹೋದರೂ ಅಲ್ಲಿಂದ ಬೇರೆಡೆಗೆ ಕಳುಹಿಸುತ್ತಾರೆ ಎಂಬ ಅನುಭವವಿರುವ ಕುಟುಂಬವು ಮುಂದಿನ ಬಾರಿ ಹೊರಡಲು ಹಿಂಜರಿಯುತ್ತದೆ. ಅಂದರೆ ಮೂರನೆಯ ವಿಳಂಬವೇ ಮತ್ತೊಂದು ಸಂದರ್ಭದಲ್ಲಿ ಮೊದಲನೆಯ ವಿಳಂಬಕ್ಕೆ ಕಾರಣವಾಗುತ್ತದೆ.

ಅಡೆತಡೆಗಳು

ದೂರ ಮತ್ತು ಸಾರಿಗೆ

ಚಿತ್ರದುರ್ಗ ನಗರದಿಂದ ಹೊಳಲ್ಕೆರೆ ಸುಮಾರು 35, ಹಿರಿಯೂರು ಸುಮಾರು 40 ಮತ್ತು ಹೊಸದುರ್ಗ ಸುಮಾರು 60 ಕಿಲೋಮೀಟರ್ ದೂರದಲ್ಲಿವೆ. ದಾವಣಗೆರೆ ಸುಮಾರು 60 ಹಾಗೂ ಬೆಂಗಳೂರು ಸುಮಾರು 200 ಕಿಲೋಮೀಟರ್ ದೂರದಲ್ಲಿವೆ. ಬೆಂಗಳೂರು–ಪುಣೆ ಮಾರ್ಗದ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗಗಳ ಮೂಲಕ ಹಾದುಹೋಗುತ್ತದೆ. ಈ ಹೆದ್ದಾರಿಯ ಬದಿಯ ಊರುಗಳಿಗೆ ದೊಡ್ಡ ಆಸ್ಪತ್ರೆಗಳು ಸಮಯದ ದೃಷ್ಟಿಯಿಂದ ಹತ್ತಿರವಾಗಿವೆ. ಆದರೆ ಹೆದ್ದಾರಿಯಿಂದ ಒಳಗಿರುವ ಊರುಗಳ ರೋಗಿಯು ಮೊದಲು ಹೆದ್ದಾರಿಯನ್ನು ಮುಟ್ಟಬೇಕಾಗುತ್ತದೆ. ಪಯಣದ ಅವಧಿಯಲ್ಲಿ ಹೆಚ್ಚಿನ ಪಾಲು ಈ ಮೊದಲ ಕೆಲವು ಕಿಲೋಮೀಟರುಗಳಲ್ಲಿಯೇ ಕಳೆಯುತ್ತದೆ.

ಅಂಚಿನ ಹೋಬಳಿಗಳ ಸ್ಥಿತಿ ಇನ್ನೂ ಭಿನ್ನವಾಗಿದೆ. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ ಆಂಧ್ರಪ್ರದೇಶದ ಗಡಿಯಲ್ಲಿದೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿ ತುಮಕೂರು ಜಿಲ್ಲೆಯ ಕಡೆಗೂ, ಹೊಳಲ್ಕೆರೆ ತಾಲ್ಲೂಕಿನ ಬಿ. ದುರ್ಗ ಹೋಬಳಿ ದಾವಣಗೆರೆ ಜಿಲ್ಲೆಯ ಕಡೆಗೂ ಚಾಚಿಕೊಂಡಿವೆ. ಇಲ್ಲಿನ ಜನರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಪಕ್ಕದ ಜಿಲ್ಲೆಯ ಪಟ್ಟಣವೇ ಅನುಕೂಲವಾಗುವುದುಂಟು. ಆದರೆ ಸರ್ಕಾರಿ ಶಿಫಾರಸು ವ್ಯವಸ್ಥೆಯು ಸಾಮಾನ್ಯವಾಗಿ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರದತ್ತ ಸಾಗುವಂತೆ ರೂಪುಗೊಂಡಿದೆ.

ರೈಲು ಸಂಪರ್ಕವೂ ಸಮಾನವಾಗಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲ್ವೆ ಜಂಕ್ಷನ್ ಆಗಿದೆ. ಹೊಸದುರ್ಗ ರೋಡ್ ನಿಲ್ದಾಣವು ಹೊಸದುರ್ಗ ಪಟ್ಟಣದಿಂದ ದೂರದಲ್ಲಿದೆ. ಹಿರಿಯೂರನ್ನು ಹಾದುಹೋಗುವ ತುಮಕೂರು–ದಾವಣಗೆರೆ ನೇರ ರೈಲು ಮಾರ್ಗಕ್ಕೆ ಮಂಜೂರಾತಿ ದೊರೆತು ವರ್ಷಗಳೇ ಕಳೆದಿವೆ. ಹೀಗಾಗಿ ರೋಗಿಗಳು ಮುಖ್ಯವಾಗಿ ಬಸ್ಸು, ಆಟೊ, ಬಾಡಿಗೆ ವಾಹನ ಮತ್ತು ದ್ವಿಚಕ್ರ ವಾಹನಗಳನ್ನೇ ಅವಲಂಬಿಸಿದ್ದಾರೆ. ಸಂಜೆಯ ಕೊನೆಯ ಬಸ್ಸು ಹೋದ ಬಳಿಕ ಮರುದಿನ ಬೆಳಗಿನವರೆಗೆ ಅನೇಕ ಊರುಗಳಲ್ಲಿ ಸಾರ್ವಜನಿಕ ಸಾರಿಗೆ ಇರುವುದಿಲ್ಲ.

ಮಳೆ ಕಡಿಮೆಯಾದ ಪ್ರದೇಶವಾದರೂ ಹಠಾತ್ ಮಳೆಗೆ ಹಳ್ಳಗಳು ತುಂಬಿ ರಸ್ತೆ ಕಡಿದುಹೋಗುವುದುಂಟು. 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರವು ಮತ್ತೆ ಕೋಡಿ ಬಿದ್ದಾಗ ವೇದಾವತಿಯ ದಂಡೆಯ ತಗ್ಗು ಪ್ರದೇಶಗಳಲ್ಲಿ ಸಂಚಾರಕ್ಕೆ ಅಡ್ಡಿಯಾಯಿತು.

ವೆಚ್ಚ ಮತ್ತು ಕೂಲಿಯ ನಷ್ಟ

ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾಗಿದ್ದರೂ ಆಸ್ಪತ್ರೆಗೆ ಹೋಗಿಬರುವುದು ಉಚಿತವಲ್ಲ. ಪಯಣದ ಖರ್ಚು, ಊಟ, ಜೊತೆಗಾರರ ವಾಸ್ತವ್ಯ ಮತ್ತು ಹೊರಗಿನಿಂದ ತರಬೇಕಾದ ಔಷಧಗಳ ವೆಚ್ಚ ಕುಟುಂಬದ ಮೇಲೆ ಬೀಳುತ್ತದೆ. ರೋಗಿಯ ಜೊತೆ ಇನ್ನೊಬ್ಬರು ಹೋಗಬೇಕಾಗುವುದರಿಂದ ಒಂದು ದಿನಕ್ಕೆ ಇಬ್ಬರ ಕೂಲಿ ತಪ್ಪುತ್ತದೆ. ಬಿತ್ತನೆ ಮತ್ತು ಕೊಯ್ಲಿನ ದಿನಗಳಲ್ಲಿ ‘ಸುಗ್ಗಿ ಮುಗಿಯಲಿ’ ಎಂದು ಕಾಯಿಲೆಯನ್ನು ಮುಂದೂಡುವುದು ಸಾಮಾನ್ಯ. ಕುರಿ, ಮೇಕೆ, ಎಮ್ಮೆಗಳಿರುವ ಮನೆಗಳಲ್ಲಿ ಅವುಗಳನ್ನು ನೋಡಿಕೊಳ್ಳುವವರಿಲ್ಲದೆ ಆಸ್ಪತ್ರೆಯಲ್ಲಿ ಉಳಿಯುವುದು ಕಷ್ಟವಾಗುತ್ತದೆ.

ದೀರ್ಘಕಾಲದ ಚಿಕಿತ್ಸೆಯಲ್ಲಿ ಈ ಹೊರೆ ಬಹುಪಟ್ಟು ಹೆಚ್ಚುತ್ತದೆ. ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದವರಿಗೆ ಸಾಮಾನ್ಯವಾಗಿ ವಾರಕ್ಕೆ 2–3 ಬಾರಿ ಡಯಾಲಿಸಿಸ್ ಬೇಕಾಗುತ್ತದೆ. ಆಸ್ಪತ್ರೆಯಿಂದ 30 ಕಿಲೋಮೀಟರ್ ದೂರದಲ್ಲಿರುವ ರೋಗಿಯು ವಾರಕ್ಕೆ 3 ಬಾರಿ ಹೋಗಿಬಂದರೆ ವರ್ಷಕ್ಕೆ 9,360 ಕಿಲೋಮೀಟರ್ ಪ್ರಯಾಣಿಸಬೇಕಾಗುತ್ತದೆ. ಚಿಕಿತ್ಸೆಗೆ ಹಣ ತೆಗೆದುಕೊಳ್ಳದಿದ್ದರೂ ಈ ಪಯಣವೇ ಚಿಕಿತ್ಸೆಯನ್ನು ನಿಲ್ಲಿಸಲು ಕಾರಣವಾಗಬಹುದು.

ಸಾಮಾಜಿಕ ಕಟ್ಟುಪಾಡುಗಳು

ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಹೆಚ್ಚಾಗಿ ವಾಸಿಸುವ ಕಾಡುಗೊಲ್ಲರು ಪಶುಪಾಲಕ ಸಮುದಾಯದವರು. ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಆರಾಧನೆ ಮತ್ತು ಶ್ರೀಮಂತವಾದ ಮೌಖಿಕ ಕಾವ್ಯ ಪರಂಪರೆ ಇವರ ವಿಶೇಷ. ಇವರ ವಸತಿಗಳನ್ನು ಗೊಲ್ಲರಹಟ್ಟಿ ಎನ್ನುತ್ತಾರೆ. ಹಟ್ಟಿಯ ಒಳಭಾಗವನ್ನು ದೈವದ ನೆಲೆಯೆಂದು ಪವಿತ್ರವಾಗಿ ಭಾವಿಸುವುದರಿಂದ ಮುಟ್ಟಾದ ಹೆಣ್ಣುಮಕ್ಕಳೂ ಬಾಣಂತಿಯರೂ ನಿಗದಿತ ದಿನಗಳವರೆಗೆ ಹಟ್ಟಿಯ ಹೊರಗೆ ಇರಬೇಕೆಂಬ ಸೂತಕದ ಆಚರಣೆ ಬೆಳೆದುಬಂದಿದೆ. ಬಾಣಂತಿಯು ನವಜಾತ ಶಿಶುವಿನೊಡನೆ ವಾರಗಟ್ಟಲೆ ಹೊರಗಿನ ಗುಡಿಸಲಿನಲ್ಲಿ ಉಳಿಯುವ ಪದ್ಧತಿಯೂ ಇದರಲ್ಲಿ ಸೇರಿದೆ.

ವೈದ್ಯಕೀಯ ದೃಷ್ಟಿಯಿಂದ ಹೆರಿಗೆಯ ನಂತರದ ಮೊದಲ ದಿನಗಳು ತಾಯಿಗೂ ಶಿಶುವಿಗೂ ಅತ್ಯಂತ ಅಪಾಯದ ಅವಧಿ. ಅಧಿಕ ರಕ್ತಸ್ರಾವ, ನಂಜು, ಶಿಶುವಿನ ಮೈ ತಣ್ಣಗಾಗುವುದು, ಉಸಿರಾಟದ ಸೋಂಕು ಮೊದಲಾದವು ಈ ಅವಧಿಯಲ್ಲಿಯೇ ಹೆಚ್ಚು. ಮನೆಯವರಿಂದ ದೂರವಿರುವ ತಾಯಿಯು ಅಪಾಯದ ಲಕ್ಷಣವನ್ನು ತಾನೇ ಗುರುತಿಸಿ ತಾನೇ ಕರೆಯಬೇಕಾಗುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇರಿಸಲಾಗಿದ್ದ ಶಿಶು ಮೃತಪಟ್ಟ ಘಟನೆಯು ಈ ವಿಷಯವನ್ನು ರಾಜ್ಯದ ಗಮನಕ್ಕೆ ತಂದಿತು.

ಎಲ್ಲ ಹಟ್ಟಿಗಳಲ್ಲಿಯೂ ಈ ಆಚರಣೆ ಒಂದೇ ಪ್ರಮಾಣದಲ್ಲಿಲ್ಲ. ಶಿಕ್ಷಣ ಪಡೆದ ಹೆಣ್ಣುಮಕ್ಕಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಸಮುದಾಯದ ಸುಧಾರಕರ ಪ್ರಯತ್ನದಿಂದ ಹಲವೆಡೆ ಇದು ಸಡಿಲಗೊಂಡಿದೆ.

ಲಂಬಾಣಿ ತಾಂಡಾಗಳಲ್ಲಿ ಅಡೆತಡೆಯ ಸ್ವರೂಪ ಬೇರೆಯಾಗಿದೆ. ಇಲ್ಲಿನ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೂ ಕಬ್ಬು ಕಡಿಯುವ ಕೆಲಸಕ್ಕೂ ಗುಳೆ ಹೋಗುವುದರಿಂದ ಗರ್ಭಿಣಿಯ ತಪಾಸಣೆ, ಮಕ್ಕಳ ಲಸಿಕೆ ಮತ್ತು ಕ್ಷಯರೋಗದ ಔಷಧಿಗಳು ನಡುವೆಯೇ ನಿಂತುಹೋಗುತ್ತವೆ. ತಾಯಿ ಕಾರ್ಡ್ ಒಂದು ಉಪಕೇಂದ್ರದಲ್ಲಿದ್ದರೆ ಹೆರಿಗೆಯ ನೋವು ಇನ್ನೊಂದು ಜಿಲ್ಲೆಯಲ್ಲಿ ಕಾಣಿಸಿಕೊಳ್ಳಬಹುದು. ಮನೆಮಾತು ಲಂಬಾಣಿಯಾಗಿರುವ ಹಿರಿಯರಿಗೆ, ಗಡಿಭಾಗದಲ್ಲಿ ತೆಲುಗು ಮಾತನಾಡುವವರಿಗೆ, ವೈದ್ಯರ ಸೂಚನೆಗಳನ್ನು ಅರ್ಥಮಾಡಿಕೊಳ್ಳುವುದೂ ಕೆಲವೊಮ್ಮೆ ತೊಡಕಾಗುತ್ತದೆ.

ತಜ್ಞರ ಕೊರತೆ

ಒಂದು ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆ ನಡೆಯಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮತ್ತು ರಕ್ತ ಸಂಗ್ರಹ ಘಟಕ ಏಕಕಾಲಕ್ಕೆ ಲಭ್ಯವಿರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದವುಗಳಿಂದ ಪ್ರಯೋಜನವಾಗುವುದಿಲ್ಲ. ಕಟ್ಟಡ, ಹಾಸಿಗೆ ಮತ್ತು ಉಪಕರಣಗಳಿದ್ದೂ ಅರಿವಳಿಕೆ ತಜ್ಞರು ರಜೆಯಲ್ಲಿದ್ದ ಕಾರಣಕ್ಕೆ ಗರ್ಭಿಣಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕಾದ ಸನ್ನಿವೇಶ ಇದರಿಂದಲೇ ಉಂಟಾಗುತ್ತದೆ. ವಸತಿ, ಮಕ್ಕಳ ಶಿಕ್ಷಣ ಮತ್ತು ವೃತ್ತಿಯ ಅವಕಾಶಗಳ ಕಾರಣಕ್ಕೆ ತಜ್ಞರು ದೊಡ್ಡ ನಗರಗಳನ್ನೇ ಆರಿಸಿಕೊಳ್ಳುವುದು ಈ ಕೊರತೆಯ ಮೂಲವಾಗಿದೆ.

ಬ್ರಿಟಿಷ್ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇಂತಹ ಸ್ಥಿತಿಯನ್ನು ‘ವಿಲೋಮ ಆರೈಕೆಯ ನಿಯಮ’ ಎಂದು ಹೆಸರಿಸಿದರು. ಉತ್ತಮ ವೈದ್ಯಕೀಯ ಆರೈಕೆಯು ಅದರ ಅಗತ್ಯ ಹೆಚ್ಚಾಗಿರುವ ಜನರಿಗೆ ಕಡಿಮೆಯಾಗಿ ದೊರೆಯುತ್ತದೆ ಎಂಬುದು ಇದರ ತಿರುಳು.

ವಿಳಂಬದ ಪರಿಣಾಮ ತೀವ್ರವಾಗಿರುವ ಸಂದರ್ಭಗಳು

ಹೆರಿಗೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ನಡೆಯುವ ಹೆರಿಗೆಗಳ ಪ್ರಮಾಣ 2005–06ರಲ್ಲಿ ಸುಮಾರು ಶೇಕಡ 65 ಇದ್ದದ್ದು 2019–21ರಲ್ಲಿ ಶೇಕಡ 97ಕ್ಕೆ ಏರಿತು. 2018–20ರ ಅವಧಿಯಲ್ಲಿ ರಾಜ್ಯದ ತಾಯಂದಿರ ಮರಣ ಪ್ರಮಾಣ ಒಂದು ಲಕ್ಷ ಜೀವಂತ ಜನನಗಳಿಗೆ 69 ಆಗಿತ್ತು. ಮನೆಯಲ್ಲಿ ಹೆರಿಗೆ ಬಹುಮಟ್ಟಿಗೆ ನಿಂತಿರುವುದರಿಂದ ಈಗ ಉಳಿದಿರುವ ಪ್ರಶ್ನೆ, ತೊಡಕು ಉಂಟಾದಾಗ ಎಷ್ಟು ಬೇಗ ಸರಿಯಾದ ಆಸ್ಪತ್ರೆ ಸಿಗುತ್ತದೆ ಎಂಬುದಾಗಿದೆ. ಹೆರಿಗೆಯ ಬಳಿಕ ತೀವ್ರ ರಕ್ತಸ್ರಾವವಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಉಂಟಾಗುತ್ತದೆ.

ಹಾವು ಕಡಿತ: ಹೊಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು, ರಾತ್ರಿ ನೀರು ಹಾಯಿಸಲು ಹೋಗುವ ರೈತರು ಮತ್ತು ನೆಲದ ಮೇಲೆ ಮಲಗುವವರು ಹಾವು ಕಡಿತಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಬಹುವಿಷ ನಿರೋಧಕ ಔಷಧವನ್ನು ನೀಡಲಾಗುತ್ತದೆ. ನಾಟಿ ಮದ್ದು, ಮಂತ್ರ, ಬಿಗಿಯಾಗಿ ಕಟ್ಟು ಕಟ್ಟುವುದು ಮೊದಲಾದವುಗಳಲ್ಲಿ ಕಾಲ ಕಳೆದರೆ ಮೊದಲನೆಯ ವಿಳಂಬವೇ ಮಾರಕವಾಗುತ್ತದೆ. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಅಧಿಸೂಚಿಸಿತು.

ಹೃದಯಾಘಾತ ಮತ್ತು ಅಪಘಾತ: ಹೃದಯಾಘಾತದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಎಷ್ಟು ಬೇಗ ದೊರೆತರೆ ಹೃದಯದ ಸ್ನಾಯು ಅಷ್ಟು ಹೆಚ್ಚು ಉಳಿಯುತ್ತದೆ. ಹೆದ್ದಾರಿಗಳ ಅಪಘಾತಗಳಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಬೇಕಾದ ನರಶಸ್ತ್ರಚಿಕಿತ್ಸೆ ತಾಲ್ಲೂಕು ಮಟ್ಟದಲ್ಲಿ ಇರುವುದಿಲ್ಲ.

ಫ್ಲೋರೋಸಿಸ್: ಜಿಲ್ಲೆಯ ಅನೇಕ ಕಡೆಗಳಲ್ಲಿ ಅಂತರ್ಜಲದ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ವರ್ಷಾನುಗಟ್ಟಲೆ ಇಂತಹ ನೀರನ್ನು ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದಲ್ಲದೆ ಕೀಲು ಮತ್ತು ಬೆನ್ನೆಲುಬು ಬಿಗಿಯುತ್ತವೆ. ಬಸ್ಸು ಹತ್ತಲು, ನಡೆಯಲು ಕಷ್ಟಪಡುವ ಇಂತಹ ವೃದ್ಧರಿಗೆ ಕಾಯಿಲೆಯೇ ಆಸ್ಪತ್ರೆ ತಲುಪಲು ಅಡ್ಡಿಯಾಗುತ್ತದೆ.

ಕರಾವಳಿ ಮತ್ತು ಘಟ್ಟ ಪ್ರದೇಶಗಳೊಂದಿಗೆ ಹೋಲಿಕೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕರಾವಳಿ ಪಟ್ಟಿಗೂ ಮಲೆನಾಡಿಗೂ ನಡುವೆ ದೇವಿಮನೆ, ಅರಬೈಲು ಮೊದಲಾದ ಘಟ್ಟಗಳಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಮೃತಪಟ್ಟರು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅನೇಕ ದಿನ ಸಂಚಾರ ಸ್ಥಗಿತಗೊಂಡಿತು. ಆ ಜಿಲ್ಲೆಯ ರೋಗಿಗಳು ಉನ್ನತ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗುತ್ತಾರೆ. ಅಲ್ಲಿ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನರು ವರ್ಷಗಳಿಂದ ಹೋರಾಟ ನಡೆಸಿದ್ದಾರೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ಬೇರ್ಪಟ್ಟ ಊರುಗಳ ಜನರು ದಶಕಗಳ ಕಾಲ ಲಾಂಚ್‌ಗಳನ್ನು ಅವಲಂಬಿಸಿದ್ದರು. ರಾತ್ರಿ ಲಾಂಚ್ ಇಲ್ಲದ ಕಾರಣ ತುರ್ತು ಸಂದರ್ಭದಲ್ಲಿ ಬಹುದೂರ ಸುತ್ತಿಬರಬೇಕಾಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಬಳಿಕ ಈ ತಡೆ ನಿವಾರಣೆಯಾಯಿತು.

ಇಂತಹ ಪ್ರದೇಶಗಳಲ್ಲಿ ತಡೆಯು ಎದ್ದು ಕಾಣುವುದರಿಂದ ಬೇಡಿಕೆಯೂ ಸ್ಪಷ್ಟವಾಗಿರುತ್ತದೆ. ಚಿತ್ರದುರ್ಗದಲ್ಲಿ ಒಂದು ಸೇತುವೆಯಿಂದಲೋ ಒಂದು ರಸ್ತೆಯಿಂದಲೋ ನೀಗುವ ತಡೆ ಇಲ್ಲ. ಗುಡ್ಡಗಾಡು ಪ್ರದೇಶಗಳಿಗೆ ದೊರೆಯುವ ಸಡಿಲವಾದ ಜನಸಂಖ್ಯಾ ಮಾನದಂಡವು ಬಯಲುಸೀಮೆಯ ವಿರಳ ವಸತಿಗಳಿಗೆ ಅನ್ವಯವಾಗುವುದಿಲ್ಲ. ಸಾರ್ವಜನಿಕ ಆರೋಗ್ಯದ ಇತ್ತೀಚಿನ ರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಗುಡ್ಡಗಾಡು ಮತ್ತು ಮರುಭೂಮಿ ಪ್ರದೇಶಗಳಿಗೆ ಜನಸಂಖ್ಯೆಯ ಬದಲು ಕೇಂದ್ರವನ್ನು ತಲುಪಲು ಬೇಕಾಗುವ ಸಮಯವನ್ನು ಪರಿಗಣಿಸುವ ವಿಧಾನವನ್ನು ಸೂಚಿಸಲಾಗಿದೆ.

ಸರ್ಕಾರದ ಕ್ರಮಗಳು

ಅಡೆತಡೆಗಳನ್ನು ಕಡಿಮೆ ಮಾಡಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೈಗೊಂಡ ಪ್ರಮುಖ ಕ್ರಮಗಳು ಹೀಗಿವೆ:

* 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಶಾ ಕಾರ್ಯಕರ್ತೆಯರ ನೇಮಕವಾಯಿತು. ಅದೇ ವರ್ಷದ ಜನನಿ ಸುರಕ್ಷಾ ಯೋಜನೆಯು ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ನಗದು ನೆರವು ನೀಡುತ್ತದೆ.
* 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು.
* 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಊಟ ಮತ್ತು ಮನೆಗೆ ಮರಳುವ ಸಾರಿಗೆಯನ್ನು ಉಚಿತಗೊಳಿಸಲಾಯಿತು. ತಾಯಿ–ಮಗುವನ್ನು ಮನೆಗೆ ಬಿಡುವ ‘ನಗು–ಮಗು’ ವಾಹನಗಳು ಇದಕ್ಕೆ ಸಂಬಂಧಿಸಿವೆ.
* ವೈದ್ಯಕೀಯ ಪದವೀಧರರು ಗ್ರಾಮೀಣ ಸೇವೆ ಸಲ್ಲಿಸುವಂತೆ ರಾಜ್ಯವು 2012ರಲ್ಲಿ ಕಡ್ಡಾಯ ಸೇವಾ ಕಾಯ್ದೆಯನ್ನು ರೂಪಿಸಿತು.
* ಮುಟ್ಟು ಅಥವಾ ಗರ್ಭದ ಕಾರಣಕ್ಕೆ ಮಹಿಳೆಯರನ್ನು ಪ್ರತ್ಯೇಕಿಸಿ ಊರ ಹೊರಗೆ ಇರುವಂತೆ ಒತ್ತಾಯಿಸುವುದನ್ನು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ಪ್ರತಿಬಂಧಕ ಕಾಯ್ದೆಯು ನಿಷೇಧಿಸಿದೆ.
* 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ.
* 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು.
* ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಪರಿಶೀಲಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸ್ಥಳದಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ.

ಮಿತಿಗಳು ಮತ್ತು ಚರ್ಚೆ

ಈ ಕ್ರಮಗಳಲ್ಲಿ ಪ್ರತಿಯೊಂದೂ ಒಂದು ವಿಳಂಬವನ್ನು ಉದ್ದೇಶಿಸಿದೆ. ಶಕ್ತಿ ಯೋಜನೆಯು ಪಯಣದ ಖರ್ಚನ್ನು ಇಳಿಸಿದರೂ ಖಾಸಗಿ ಬಸ್ಸುಗಳು ಮಾತ್ರ ಓಡುವ ಮಾರ್ಗಗಳಲ್ಲಿ ಅದರ ಲಾಭ ದೊರೆಯುವುದಿಲ್ಲ. ಆರೋಗ್ಯ ವಿಮೆಯು ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತದೆಯೇ ಹೊರತು ಜೊತೆಗಾರರ ಕೂಲಿಯನ್ನಲ್ಲ. ಆಂಬುಲೆನ್ಸ್ ಸಕಾಲಕ್ಕೆ ಬಂದರೂ ತಲುಪಿದ ಆಸ್ಪತ್ರೆಯಲ್ಲಿ ತಜ್ಞರಿಲ್ಲದಿದ್ದರೆ ರೋಗಿಯು ಮತ್ತೊಂದು ಆಂಬುಲೆನ್ಸಿಗಾಗಿ ಕಾಯಬೇಕಾಗುತ್ತದೆ. ಮೊದಲ ಆಸ್ಪತ್ರೆಯಿಂದಲೇ ಮುಂದಿನ ಆಸ್ಪತ್ರೆಗೆ ಮುನ್ಸೂಚನೆ ನೀಡಿ, ತಜ್ಞರೂ ರಕ್ತವೂ ಲಭ್ಯವಿರುವುದನ್ನು ಖಚಿತಪಡಿಸಿಕೊಂಡ ಬಳಿಕ ಕಳುಹಿಸುವುದು ಈ ಅಲೆದಾಟವನ್ನು ತಪ್ಪಿಸುವ ಸರಳ ವಿಧಾನವಾಗಿದೆ.

ಸಾಮಾಜಿಕ ಆಚರಣೆಗಳ ವಿಷಯದಲ್ಲಿ ಸರ್ಕಾರವು ಕೆಲವು ಗೊಲ್ಲರಹಟ್ಟಿಗಳ ಬಳಿ ಮಹಿಳೆಯರಿಗಾಗಿ ಸುಸಜ್ಜಿತ ತಂಗುಮನೆಗಳನ್ನು ನಿರ್ಮಿಸಿದೆ. ಇವುಗಳಿಂದ ಮಳೆ, ಚಳಿ ಮತ್ತು ಹಾವುಗಳಿಂದ ರಕ್ಷಣೆ ದೊರೆಯುತ್ತದೆ ಎಂಬುದು ಒಂದು ಅಭಿಪ್ರಾಯ. ಇಂತಹ ಕಟ್ಟಡಗಳು ಹೊರಗಿಡುವ ಪದ್ಧತಿಗೆ ಸರ್ಕಾರದ ಮನ್ನಣೆ ನೀಡಿದಂತಾಗುತ್ತವೆ ಎಂಬುದು ಮತ್ತೊಂದು ಅಭಿಪ್ರಾಯ. ಕಾನೂನಿನ ಭಯದಿಂದ ಆಚರಣೆಯು ಮರೆಯಾಗಿ ನಡೆಯತೊಡಗಿದರೆ ಆರೋಗ್ಯ ಕಾರ್ಯಕರ್ತೆಯರಿಗೆ ಬಾಣಂತಿಯನ್ನು ಕಾಣುವುದು ಇನ್ನಷ್ಟು ಕಷ್ಟವಾಗುವ ಸಾಧ್ಯತೆಯಿದೆ. ಆದ್ದರಿಂದ ಕಾನೂನಿನ ಜೊತೆಗೆ ಹಟ್ಟಿಯ ಹಿರಿಯರು, ಪೂಜಾರಿಗಳು ಮತ್ತು ಯುವತಿಯರೊಂದಿಗೆ ನಿರಂತರ ಸಂವಾದವೂ ಅಗತ್ಯವಾಗುತ್ತದೆ.

ಹೊಸ ಸರ್ಕಾರಿ ವೈದ್ಯಕೀಯ ಕಾಲೇಜಿನಿಂದ ಜಿಲ್ಲಾ ಕೇಂದ್ರದಲ್ಲಿ ತಜ್ಞರ ಸಂಖ್ಯೆ ಹೆಚ್ಚಿ, ದಾವಣಗೆರೆ ಮತ್ತು ಬೆಂಗಳೂರಿಗೆ ಹೋಗಬೇಕಾದ ಪ್ರಸಂಗಗಳು ಕಡಿಮೆಯಾಗಲು ಅವಕಾಶವಿದೆ. ಆದರೆ ಧರ್ಮಪುರ, ಶ್ರೀರಾಂಪುರದಂತಹ ಅಂಚಿನ ಹೋಬಳಿಗಳ ಜನರಿಗೆ ಜಿಲ್ಲಾ ಕೇಂದ್ರವೇ ದೂರವಾಗಿದೆ. ಅವರ ಮಟ್ಟಿಗೆ ಲಭ್ಯತೆಯು ಹತ್ತಿರದ ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯ ವೇಳೆಯೂ ವೈದ್ಯರು ದೊರೆಯುವುದನ್ನೇ ಅವಲಂಬಿಸಿದೆ.